ಕೆಂಪು ಚುಕ್ಕಿಯ ತಾಟು

"ಎಲ್ಲಾರೂ ಜರಾ ದೂರ ಸರಕೊಂಡು ಕುಂದರ್ರಿ. ಎಂಟನೆತ್ತಕ್ಕ ಸಾಲಿ ಬಿಟ್ಟ ಡಾಕ್ಟರ್ ಸಾಹೇಬ್ರು ಟಂಟಂ ಹತ್ತಿ ಬಂದಾರ. ಅವರಿಗೆ ನಮ್ಮ ಎಂಜಲು ನಡೆಯಂಗಿಲ್ಲಂತ."

ಖಲಂದರ ಮಾಮು ಇದನ್ನ ಅಂದದ್ದು ಅರವತ್ತು ಮಂದಿಯ ಮುಂದ, ಗಂಗಾವತಿಯ ತನ್ನ ಮನಿಯಂಗಳದ ಶಾಮಿಯಾನದ ಕೆಳಗ. ಮನ್ಯಾಗ ಯಾವತ್ತೂ ಉರ್ದು ಮಾತಾಡೋ ಮನುಷ್ಯ, ಇದೊಂದನ್ನ ಮಾತ್ರ ಕನ್ನಡದಾಗ ಅಂದ. ಕುರ್ಚಿ ಮ್ಯಾಲ ಕುಂತಿದ್ದ ಅವನ ಅಂಗಡಿ ಓಣಿಯವರಿಗೂ ತಿಳೀಬೇಕಲ್ಲ. ತಿಳೀತು. ಹಿಂದಿನ ಸಾಲಿನಾಗ ಇಬ್ಬರು ನಕ್ಕರು. ಒಬ್ಬ ನೀರು ಕುಡಿಯೋದು ಬಿಟ್ಟು ನನ್ನ ಮಾರಿ ನೋಡಿದ.

ಆಮ್ಯಾಲ ಮಾಮು ತನ್ನ ಕಾಲಿನಿಂದ ತಾಟು ಒದ್ದು ಸರಿಸಿದ. ಅದು ಫರಸಿ ಮ್ಯಾಲ ಗರಗರ ತಿರುಗಿ, ಒಂದಷ್ಟು ಹೊತ್ತು ಸಪ್ಪಳ ಮಾಡಿ, ಸುಮ್ಮನಾತು. ಸಾದಾ ಸ್ಟೀಲಿನ ತಾಟು. ಅಂಚಿಗೆ ಕೆಂಪು ಉಗುರಬಣ್ಣದ ಒಂದು ಚುಕ್ಕಿ. ಅದನ್ನ ಹನುಮಸಾಗರದಿಂದ ಬಟ್ಟಿಯಾಗ ಸುತ್ತಿಕೊಂಡು ತಂದವ ನಾನು. ನಮ್ಮ ನಾನಿ ಮೆಹಬೂಬಬೀಯ ಮುಂದ ಇಟ್ಟವನೂ ನಾನ.

ಮರುದಿನ ಮಾಮುವಿನ ಮಗಳು ಗುಲ್ಶನಳ ನಿಕಾ. ನಿಕಾದ ಹಿಂದಿನ ದಿನ ಮಧ್ಯಾಹ್ನ ನಮ್ಮ ಮನೆತನದಾಗ ಪರಾತದ ಊಟ ಅಂತ ಒಂದು ಪದ್ಧತಿ ಐತಿ. ಒಂದ ದೊಡ್ಡ ಹಿತ್ತಾಳಿ ಪರಾತದಾಗ ಮಲೀದಾ ಸುರೀತಾರ, ಚಪಾತಿ ಮುರಿದು ಬೆಲ್ಲ ತುಪ್ಪ ಕಲಸಿದ್ದು. ಮದುಮಗಳು, ಮನಿಯ ಹೆಣ್ಣುಮಕ್ಕಳು ಎಲ್ಲಾರೂ ಅದರ ಸುತ್ತ ಕುಂತು ಅದರಾಗ ಕೈ ಹಾಕಿ ಉಣ್ತಾರ. ಮೊದಲನೇ ತುತ್ತು ತಾಯಿ ಕೈಯಿಂದ. ಮಗಳು ಅದರಾಗ ಅರ್ಧ ಕಚ್ಚಬೇಕು, ಉಳಿದರ್ಧ ತಾಯಿ ತಿನ್ನಬೇಕು. ತಾಯಿ ತಿನ್ನಲಿಲ್ಲ ಅಂದ್ರ ಮಗಳ ಋಣ ಹರಕೊಂಡಂಗ ಅಂತ ಲೆಕ್ಕ.

ಗುಲ್ಶನಗ ತಾಯಿ ಇಲ್ಲ. ನಾಹೀದಾ ಮುಮಾನಿ ಕೊರೋನಾದ ಎರಡನೇ ಅಲಿಯೊಳಗ ಹೋದಳು. ಆ ಜಾಗದಾಗ ಕುಂದರಬೇಕಾದವಳು ಮಾಮುವಿನ ತಾಯಿ, ಅಂದ್ರ ನಮ್ಮ ನಾನಿ. ನಾನಿಗೆ ದಮ್ಮು. ಗುಲ್ಶನಗ ಆವತ್ತು ಜ್ವರ. ಇಷ್ಟ ಕತಿ.

ನಾನಿಯ ದಮ್ಮಿನ ಬಗ್ಗೆ ನನಗ ಗೊತ್ತಿದ್ದಷ್ಟು ಅಕಿ ಮಗಗ ಗೊತ್ತಿಲ್ಲ. ನಾನು ನಾಲ್ಕು ವರ್ಷದಾವ ಇದ್ದಾಗ ನಮ್ಮವ್ವ ಅನೀಸಾ ತೀರಿಕೊಂಡಳು, ಅವತ್ತಿನಿಂದ ನಾನಿ ಮಗ್ಗಲದಾಗ ಮಲಗಿದವ ನಾನು. ಅಕಿ ಚಳಿಗಾಲದಾಗ ಮಲಗತಿದ್ದಿಲ್ಲ, ಕುಂದರತಿದ್ದಳು. ಗೋಡಿಗೆ ಎರಡು ದಿಂಬು ಕೊಟ್ಟು, ಅದಕ್ಕ ಬೆನ್ನು ಹಚ್ಚಿ, ಬಾಯಿ ತೆರೆದು. ಎದಿಯೊಳಗ ಬೆಕ್ಕಿನ ಮರಿ ಕೂಗಿದಂಗ ಸಪ್ಪಳ. ಮಳಿಗಾಲಕ್ಕ ಒಂದು ಸಲ, ಚಳಿಗಾಲಕ್ಕ ಒಂದು ಸಲ ಊರಾಗ ನೆಗಡಿ ಜ್ವರ ಬರ್ತಿತ್ತು. ಊರ ಮಂದಿ ಮೂರು ದಿನ ಮೂಗು ಒರಿಸಿಕೊಂಡು ಎದ್ದು ಕೆಲಸಕ್ಕ ಹೋಗತಿದ್ರು. ಅದ ನೆಗಡಿ ನಮ್ಮ ಮನಿಗೆ ಬಂದ್ರ ಕೊಪ್ಪಳದ ದವಾಖಾನಿ. ನಾನು ಎಂಟನೆತ್ತದಾಗ ಇದ್ದಾಗ ಹಂಗ ಇಪ್ಪತ್ತೆರಡು ದಿನ ಅಲ್ಲೇ ಉಳಿದೆ, ಅಕಿ ಹಾಸಿಗಿ ಕೆಳಗ ಚಾದರ ಹಾಸಿಕೊಂಡು. ಮಾಮು ಒಂದು ದಿನ ಬಂದ, ಮೋಸಂಬಿ ಚೀಲ ಇಟ್ಟ, ಬಸ್ ಹೋಗ್ತದ ಅಂತ ಎದ್ದ. ನಾವು ವಾಪಸ್ ಊರಿಗೆ ಬಂದಾಗ ಸಾಲ್ಯಾಗ ಪರೀಕ್ಷಾ ಮುಗಿದಿದ್ವು. ನಾನು ಮತ್ತ ಹೋಗಲಿಲ್ಲ. ಈಗ ಆ ಎಂಟನೆತ್ತವನ್ನ ಅವನ ಶಾಮಿಯಾನದಾಗ ಎತ್ತಿ ಆಡ್ತಾನ.

ಇರ್ಲಿ. ಕೊರೋನಾ ಬಂದ ವರ್ಷದ ಮಾತು ಹೇಳ್ತೀನಿ.

ಲಾಕ್‌ಡೌನ್ ಆದ ಹೊಸದಾಗ ನಮ್ಮ ಓಣಿಗೆ ಆಶಾ ಕಾರ್ಯಕರ್ತೆ ಯಮನೂರಮ್ಮ ಬಂದಳು. ಗುಲಾಬಿ ಸೀರಿ, ಮಾರಿಗೆ ಎರಡು ಮಾಸ್ಕು, ಬಗಲಿಗೆ ಚೀಲ. ಬಾಗಿಲದ ಹೊರಗ ನಿಂತು, "ರಫೀ, ಅಜ್ಜಿಗೆ ದಮ್ಮು ಐತಿ. ಅಕಿ ತಾಟು, ಲೋಟ ಬ್ಯಾರೆ ಮಾಡು. ಹೊರಗಿಂದ ಬಂದ್ರ ಮೊದಲ ಕೈ ತೊಳಿ, ಆಮ್ಯಾಲ ಅಕಿ ಮುಂದ ಹೋಗು" ಅಂದಳು.

ನಾನು ಹುಟ್ಟಾ ನಾನಿ ತಾಟಿನಾಗ ಉಂಡವ. ಅಕಿ ರೊಟ್ಟಿ ಮುರಿದು ಪಲ್ಯಾದಾಗ ಹಚ್ಚೋದು, ನಾ ಈ ಕಡಿಯಿಂದ ಕೈ ಹಾಕೋದು. ಅವತ್ತು ಎರಡು ತಾಟು ತಗೊಂಡೆ. ಗುಲ್ಶನ ಹಿಂದಿನ ವರ್ಷ ರಂಜಾನಿಗೆ ಬಂದಾಗ ಮರೆತು ಹೋದ ಉಗುರಬಣ್ಣದ ಬಾಟ್ಲಿ ಗೋಡಿ ಮಾಡದಾಗ ಇತ್ತು. ಒಂದಕ್ಕ ಒಂದು ಚುಕ್ಕಿ ಇಟ್ಟು ನಾನಿ ಮುಂದಿಟ್ಟೆ.

ಅಕಿ ಚುಕ್ಕಿ ನೋಡಿದಳು, ನನ್ನ ನೋಡಿದಳು. "ನಾ ಏನ್ ತಪ್ಪು ಮಾಡೀನೋ?" ಅಂದಳು.

ನಮ್ಮ ಕಡೆ ತಾಟು ಬ್ಯಾರೆ ಮಾಡೋದಂದ್ರ ಸಣ್ಣ ಮಾತಲ್ಲ. ಮೂರು ದಿನ ಅಕಿ ಆ ತಾಟು ಮುಟ್ಟಲಿಲ್ಲ. ರೊಟ್ಟಿನ ಅಂಗೈ ಮ್ಯಾಲ ಇಟ್ಟುಕೊಂಡು ಉಂಡಳು, ಮಾರಿ ಗೋಡಿ ಕಡೆ. ನಾಲ್ಕನೇ ದಿನ ನಾನು ನನ್ನ ತಾಟಿಗೆ ಎರಡು ಚುಕ್ಕಿ ಇಟ್ಟು, ಅಂಗಳದ ಆ ತುದಿಗೆ ಬೇವಿನ ಗಿಡದ ಬುಡಕ್ಕ ಹೋಗಿ ಕುಂತೆ. "ನೋಡ ನಾನಿ, ನನ್ನ ಹೆಚ್ಚು ದೂರ ಇಟ್ಟಾರ, ನನಗ ಎರಡು ಚುಕ್ಕಿ" ಅಂದೆ. ಅಕಿ ನಕ್ಕಳು. ನಕ್ಕಮ್ಯಾಲ ಉಂಡಳು.

ನನ್ನ ಟಂಟಂ ಅಂಗಳದಾಗ ನಿಂತಿತ್ತು. ಹನುಮಸಾಗರದಿಂದ ಕುಷ್ಟಗಿಗೆ ದಿನಾ ಆರು ಸಲ ತಿರಗೋ ಗಾಡಿ, ಮೂರು ತಿಂಗಳು ಗಾಲಿ ಉರುಳಲಿಲ್ಲ, ಆಮ್ಯಾಲೂ ಸಾಲಿ ಸಂತಿ ಇಲ್ಲದ್ದಕ್ಕ ಹೆಚ್ಚಾಗಿ ಖಾಲಿ ನಿಂತಿರತಿತ್ತು. ಹಿಂದಿನ ಸೀಟಿನ ಮ್ಯಾಲ ಕೋಳಿ ಬಂದು ತತ್ತಿ ಇಡಾಕ ಹತ್ತಿದ್ವು. "ಎದ್ದು ನೋಡೋ, ಗಿರಾಕಿ ಬಂದಾವ" ಅಂತ ನಾನಿ ಬೆಳಿಗ್ಗೆ ನನ್ನ ಎಬ್ಬಸತಿದ್ದಳು. "ಯಾವೂರಿಗಂತ ಕೇಳು, ಸುಮ್ಮನ ಕುಂತಾವ." ಹೊಟ್ಟಿಗೆ ಕಡಿಮಿ ಇತ್ತು, ಸುಳ್ಳು ಯಾಕ ಹೇಳಲಿ. ರೇಷನ್ ಅಕ್ಕಿ, ಪುಂಡಿಪಲ್ಯ, ಆ ಕೋಳಿ ತತ್ತಿ. ಆದ್ರ ನಾನಿ ದಿನಾ ಸಂಜಿಮುಂದ ಅಂಗಳದಾಗ ಕುಂತು ನಮ್ಮವ್ವನ ಸಣ್ಣಂದಿನ ಮಾತು ಹೇಳತಿದ್ದಳು. ನಡುವ ಉಸಿರಿಗೆ ನಿಲ್ಲಲಾರದ. ನಮ್ಮವ್ವ ಬಾವಿ ಕಟ್ಟಿ ಮ್ಯಾಲ ನಡದು ಬಡಿಸಿಕೊಂಡದ್ದು, ಇಟಗಿ ಗುಡಿ ನೋಡಾಕಂತ ಸಾಲಿ ಮಕ್ಕಳ ಕೂಡ ಹೋಗಿ ಚಪ್ಪಲಿ ಕಳಕೊಂಡು ಬಂದದ್ದು. ಇಪ್ಪತ್ತು ವರ್ಷ ಅಕಿ ಎದಿಯಾಗ ಸಿಕ್ಕೊಂಡಿದ್ದ ಮಾತು ಆ ವರ್ಷ ಹೊರಗ ಬಂದ್ವು.

ಮಳಿಗಾಲ ಹೋತು, ನೆಗಡಿ ಬರಲಿಲ್ಲ. ದೀಪಾವಳಿ ಹೋತು, ಬರಲಿಲ್ಲ. ಡಿಸೆಂಬರಿನ ಚಳಿಗೆ ನಾ ದಿಂಬು ತಂದು ಗೋಡಿಗೆ ಆನಿಸಿ ತಯಾರ ಇಟ್ಟೆ. ನಾನಿ ಒಂದು ದಿಂಬು ತೆಗೆದು ನನ್ನ ಕಡೆ ಒಗೆದಳು, ಇನ್ನೊಂದು ತಲಿ ಕೆಳಗ ಇಟ್ಟುಕೊಂಡು ಉದ್ದಕ್ಕ ಕಾಲು ಚಾಚಿ ಮಲಗಿದಳು. ಚಳಿಗಾಲದಾಗ ಅಕಿ ಹಂಗ ಮಲಗಿದ್ದು ನನ್ನ ಬುದ್ಧಿ ತಿಳಿದಾಗಿನಿಂದ ನಾ ನೋಡಿದ್ದಿಲ್ಲ. ಅಕಿ ಇಷ್ಟು ಉದ್ದ ಅದಾಳ ಅಂತ ನನಗ ಅವತ್ತು ಗೊತ್ತಾತು. "ನೆಗಡಿಗೆ ನಮ್ಮ ಮನಿ ದಾರಿ ಮರತೈತಿ ನೋಡೋ" ಅಂದಳು.

ಗಂಗಾವತಿಯಿಂದ ಮಾಮು ಫೋನ್ ಮಾಡಿ ನಕ್ಕಿದ್ದ. "ಯಾವ ಕೊರೋನಾ ಅಮ್ಮಿ? ವರ್ಷಾ ಬರೋ ನೆಗಡಿಗೇ ಹೊಸಾ ಹೆಸರಿಟ್ಟಾರ. ಅದಕ್ಕ ಈ ವರ್ಷ ನೆಗಡಿ ಕಾಣವಲ್ದು."

ಜನವರಿಯೊಳಗ ಯಮನೂರಮ್ಮ ಬಂದಾಗ ನಾನು ಅದನ್ನ ಕೇಳಿದೆ. ಅಕಿ ಚೀಲ ಕೆಳಗ ಇಟ್ಟು ಟಂಟಂಗೆ ಆನಿಕೊಂಡು ನಿಂತಳು.

"ನಿಮ್ಮ ಮಾಮುಗ ಹೇಳು, ದೊಡ್ಡ ದವಾಖಾನ್ಯಾಗ ಕೊರೋನಾಕ್ಕೂ ವರ್ಷಾ ಬರೋ ಫ್ಲೂ ಜ್ವರಕ್ಕೂ ಬ್ಯಾರೆ ಬ್ಯಾರೆ ಪರೀಕ್ಷಾ ಮಾಡ್ಯಾರಂತ. ನಮ್ಮ ದೇಶದಾಗ ಅಷ್ಟ ಅಲ್ಲ, ಎಲ್ಲಾ ಕಡೆ. ಹುಡುಕಿದ್ರೂ ಫ್ಲೂ ಸಿಗವಲ್ದು. ನಮ್ಮಲ್ಲೇ ನೋಡು, ಪ್ರತಿ ವರ್ಷ ಕೆಮ್ಮಿನ ಔಷಧ ಸಾಲತಿದ್ದಿಲ್ಲ, ಈ ಸಲ ಬಾಟ್ಲಿ ಹಂಗ ಕುಂತಾವ."

"ಮತ್ತ ಕೊರೋನಾ ಬಂತು, ಈ ಫ್ಲೂ ಯಾಕ ಬರಲಿಲ್ಲ?"

"ಎರಡೂ ಬರೋದು ಬಾಯಿ ಮೂಗಿನಿಂದನ. ಕೊರೋನಾಕ್ಕಂತ ನಾವು ಮಾರಿ ಮುಚ್ಚಿದ್ವಿ, ದೂರ ಕುಂತ್ವಿ, ಕೈ ತೊಳಕೊಂಡ್ವಿ. ಕೊರೋನಾ ಹೊಸದೋ ಮಾರಾಯ, ಯಾರ ಮೈಗೂ ಅದರ ಗುರುತಿಲ್ಲ, ಸಣ್ಣ ಸಂದು ಸಿಕ್ರೂ ನುಗ್ಗತೈತಿ. ಫ್ಲೂ ಹಳೇದು. ಒಂದಷ್ಟು ಮಂದಿ ಮೈ ಅದನ್ನ ಗುರುತು ಹಿಡಿದು ಹೊರಗ ನಿಂದರಸ್ತಾವ. ಅದಕ್ಕ ಹಬ್ಬಾಕ ಮಂದಿ ಗದ್ದಲ ಬೇಕು. ಸಾಲಿ ಬಂದ್, ಸಂತಿ ಬಂದ್, ಪರಊರಿಂದ ಬರೋರು ಬಂದ್." ಅಕಿ ಟಂಟಂನ ತಗಡಿಗೆ ಕೈಯಿಂದ ಬಡಿದಳು. "ನಿನ್ನ ಗಾಡೀನೂ ಬಂದ್ ಆದಂಗ ಐತಿ. ಮತ್ತ ಯಾವುದರ ಮ್ಯಾಲ ಕುಂತು ಬರಬೇಕೋ ಅದು?"

ಅಕಿ ನಕ್ಕೋತ ಚಾಷ್ಟಿಗಂತ ಅಂದು ಹೋದಳು. ನಾನು ಅಲ್ಲೇ ನಿಂತೆ. ಹಿಂದ ಎಂಟು, ನಡುವ ನಾಲ್ಕು, ನನ್ನ ಎಡಕ್ಕೊಬ್ಬ ಬಲಕ್ಕೊಬ್ಬ. ಹದಿನಾಲ್ಕು ಮಂದಿನ ಒಬ್ಬರ ಮ್ಯಾಲ ಒಬ್ಬರನ್ನ ತುಂಬಿ, ಚಳಿ ಅಂತ ಎರಡೂ ಮಗ್ಗಲ ಪರದೆ ಬಿಟ್ಟು, ಕೆಮ್ಮೋರನ್ನೂ ಸೀನೋರನ್ನೂ ಕುಷ್ಟಗಿಯಿಂದ ತಂದು ಊರಾಗ ಇಳಿಸಿದವ ನಾನು. ಆಮ್ಯಾಲ ಕೈ ಸುದ್ದಾ ತೊಳೀಲಾರದ ನಾನಿ ತಾಟಿಗೆ ಕೈ ಹಾಕಿದವ. ನಾನಿ ಪ್ರತಿ ವರ್ಷ ಯಾಕ ಬೀಳ್ತಾಳ ಅಂತ ನಾನು ದೇವರನ್ನ, ಧೂಳನ್ನ, ಹತ್ತಿ ಮಿಲ್ಲನ್ನ, ಎಲ್ಲಾದನ್ನೂ ಬೈದಿದ್ದೆ. ನನ್ನ ಗಾಡಿಯೊಂದು ನೆನಪಾಗಿದ್ದಿಲ್ಲ.

ಆ ಚಳಿಗಾಲ ಒಂದ. ಅಷ್ಟ ಸಿಕ್ಕದ್ದು. ಮೇ ತಿಂಗಳದಾಗ ಗಂಗಾವತಿಯಾಗ ನಾಹೀದಾ ಮುಮಾನಿ ಹೋದಳು, ಒಂಬತ್ತು ದಿನದಾಗ. ನಾವು ಹೋಗಾಕ ಆಗಲಿಲ್ಲ. ಆಮ್ಯಾಲ ಮಾಮು ನೆಗಡಿಗೆ ಹೊಸಾ ಹೆಸರಿಟ್ಟಾರ ಅನ್ನೋ ಮಾತು ಯಾವತ್ತೂ ಆಡಲಿಲ್ಲ.

ಮರುವರ್ಷ ಎಲ್ಲಾ ತೆರೀತು. ಸಾಲಿ ತೆರೀತು, ಸಂತಿ ಕೂಡಿತು, ನನ್ನ ಗಾಡಿ ತುಂಬಿತು, ನಮ್ಮ ಒಲಿ ಛಲೋ ಉರೀತು. ಕೆಮ್ಮೂ ಬಂತು. ಎರಡು ವರ್ಷದ ಹಿಂದ ಸಾಲಿ ಮಕ್ಕಳ ಕೂಡ ನನ್ನ ಗಾಡಿ ಹತ್ತಿ, ನನ್ನ ಮೈಯಾಗ ಎರಡು ದಿನ ಇದ್ದು, ನಾನಿ ಮೈಗೆ ಹೋತು. ಕೊಪ್ಪಳದಾಗ ಹನ್ನೊಂದು ದಿನ ಆಕ್ಸಿಜನ್. ಪರೀಕ್ಷಾ ಮಾಡಿ ಫ್ಲೂ ಅಂದ್ರು. ಬಿಡುಗಡಿ ಮಾಡುವಾಗ ಡಾಕ್ಟರು ನನ್ನ ಹೊರಗ ಕರೆದು, "ವರ್ಷಕ್ಕೊಮ್ಮೆ ಇದರ ಸೂಜಿ ಹಾಕಿಸು. ಆದ್ರೂ ಜ್ವರ ಕೆಮ್ಮು ಇದ್ದವರ ಹತ್ರ ಬಿಡಬ್ಯಾಡ. ಇಂಥದ್ದು ಇನ್ನೊಮ್ಮೆ ಬಂದ್ರ ಈ ಎದಿ ತಡಿಯಂಗಿಲ್ಲ" ಅಂದ್ರು. ಸೂಜಿ ಹಾಕಿಸೀನಿ. ಗಾಡಿಯೊಳಗ ಎಂಟರ ಮ್ಯಾಲ ಒಬ್ಬರನ್ನೂ ಹತ್ತಿಸಂಗಿಲ್ಲ, ಪರದೆ ಬಿಡಂಗಿಲ್ಲ. ಸ್ಟ್ಯಾಂಡಿನ ಡ್ರೈವರು ನನಗ ಕಂಡಕ್ಟರ್ ಸಾಹೇಬ ಅಂತಾರ. ಅನ್ಲಿ. ಆದ್ರ ನಾನಿ ಮುಂದ ಕೆಂಪು ಚುಕ್ಕಿ ತಾಟು ಇವತ್ತಿಗೂ ಇಡ್ತೀನಿ. ಅಕಿನೂ ಈಗ ಅದನ್ನ ಬಿಟ್ಟು ಬ್ಯಾರೆ ತಾಟು ಮುಟ್ಟಂಗಿಲ್ಲ.

ನಿಕಾಕ್ಕಂತ ಅಕಿನ ನಾನ ಕರಕೊಂಡು ಬಂದೆ. ಟಂಟಂನಾಗ ನಾವಿಬ್ಬರ. ಕುಷ್ಟಗಿ, ತಾವರಗೇರಾ ದಾಟಿ, ಕಾಲುವಿ ನೀರಿನ ಸೀಮಿ ಬಂದಾಗ ನಾನಿ ಮಾಸ್ಕ್ ಕೆಳಗ ಸರಿಸಿ ಹಸಿ ಗದ್ದಿ ವಾಸನಿ ತಗೊಂಡಳು. "ನಾಹೀದಾ ಈ ಗದ್ದಿ ಬದುವಿನ ಮ್ಯಾಲ ನಡಕೋತ ಬಂದು ನನ್ನ ಬಸ್ಸಿನಿಂದ ಇಳಿಸಿಕೊಳ್ಳತಿದ್ಲು" ಅಂದಳು.

ಮನಿಗೆ ಬಂದು ಇಳಿದಾಗ ಗುಲ್ಶನ ಬಂದು ನಾನಿಯನ್ನ ತೆಕ್ಕಿ ಹಾಯಲಿಲ್ಲ. ಬಾಗಿಲದಾಗ ನಿಂತು ಸಲಾಂ ಅಂದಳು. ಹಳದಿ ಹಚ್ಚಿದ ಮಾರಿ, ಕಣ್ಣು ಮಾತ್ರ ಕೆಂಪು. ನಾ ಹತ್ರ ಹೋದೆ.

"ಜ್ವರ ಐತೇನ?"

"ನಿನ್ನೆಯಿಂದ, ಭೈಯಾ. ಗುಳಗಿ ತಗೊಂಡೀನಿ. ಅಬ್ಬಾಗ ಹೇಳಬ್ಯಾಡ." ಹೇಳುತ್ತಲೇ ದುಪಟ್ಟಾದಾಗ ಕೆಮ್ಮಿದಳು. "ಓಣಿಗೆಲ್ಲಾ ಐತಿ. ಮೆಹಂದಿ ಹಚ್ಚಾಕ ಬಂದ ಹುಡುಗಿಗೂ ಇತ್ತು."

ಅಬ್ಬಾಗ ನಾನ ಹೇಳಿದೆ. ಮಾಮು ಅಡಿಗಿಯವರಿಗೆ ಕಟ್ಟಿಗಿ ತೋರಿಸಾಕ ಹತ್ತಿದ್ದ. "ಸಣ್ಣ ನೆಗಡಿ. ನಿಕಾ ಮುಂದ ಹುಡುಗ್ಯಾರಿಗೆ ಮೈ ಬಿಸಿ ಇರತೈತಿ" ಅಂದು ತಿರುಗಿ ಸುದ್ದಾ ನೋಡಲಿಲ್ಲ. ಅದಕ್ಕ ನಾನು ಪರಾತ ಬಂದಾಗ ನಾನಿ ಮುಂದ ಕೆಂಪು ಚುಕ್ಕಿ ತಾಟು ಇಟ್ಟು, ಅದರಾಗ ಎರಡು ಮುಷ್ಟಿ ಮಲೀದಾ ಹಾಕಿದೆ. ತುತ್ತು ಇಲ್ಲಿಂದ ಕೊಡಲಿ, ವಾಪಸ್ ತಿನ್ನೋದು ಬ್ಯಾಡ ಅಂದೆ. ಮನಿಯೊಳಗ ಅಂದಿದ್ರ ಆಗ್ತಿತ್ತೋ ಏನೋ. ಎಲ್ಲಾರ ಮುಂದ ಅಂದೆ. ತಾಯಿಯಿಲ್ಲದ ಹುಡುಗಿಯ ಪರಾತದಾಗ, ತಾಯಿ ಜಾಗದಾಗ ಕುಂತವಳಿಗೆ ತಾಟು ಬ್ಯಾರೆ ಇಟ್ಟೆ. ಕುಂತ ಹೆಣ್ಣುಮಕ್ಕಳೆಲ್ಲಾ ಕೈ ಹಿಂದ ತಗೊಂಡರು. ಮಾಮು ಎದ್ದು ಬಂದ. ಆ ಮಾತು ಅಂದ. ತಾಟು ಒದ್ದ.

ನನಗೂ ಸಿಟ್ಟು ತಲಿಗೇರಿತ್ತು.

"ಡಾಕ್ಟರ್ ಅಲ್ಲ ಮಾಮು, ಎಂಟನೆತ್ತನ ನಾನು. ಆದ್ರ ನಿಮ್ಮಮ್ಮಿ ಎದಿ ಹೆಂಗ ಕೂಗತೈತಿ ಅಂತ ನನಗ ಗೊತ್ತೈತಿ. ಕೊಪ್ಪಳದಾಗ ಆ ಹನ್ನೊಂದು ದಿನ ಫೋನ್‌ನಾಗ ದುವಾ ಮಾಡಿದವರು ನೀವು. ಒಂದ ವರ್ಷ ಅಕಿ ಚಂದಾಗಿ ಉಸಿರಾಡ್ಯಾಳ, ಆ ಕೊರೋನಾ ವರ್ಷ. ತಾಟು ಬ್ಯಾರೆ ಇತ್ತು, ಮಾರಿ ಮುಚ್ಚಿತ್ತು, ಯಾರೂ ಬಂದು ಮೈಮ್ಯಾಲ ಬೀಳತಿದ್ದಿಲ್ಲ. ನನ್ನ ಕೇಳಿದ್ರ ಅಷ್ಟು ಛಲೋ ವರ್ಷ ನಮ್ಮ ಮನ್ಯಾಗ ಹಿಂದ ಬಂದಿಲ್ಲ, ಮುಂದ ಬರಂಗಿಲ್ಲ."

ಅಡಿಗಿಯವ ಸೌಟು ನಿಂದರಿಸಿದ. ಮಾಮು ಬೈತಾನ ಅಂತ ನಾ ಕಾಲು ಗಟ್ಟಿ ಮಾಡಿ ನಿಂತೆ. ಅವ ಬೈಲಿಲ್ಲ. ಅಲ್ಲೇ ಪರಾತದ ಬಾಜೂ ಮೊಣಕಾಲೂರಿ ಕುಂತ. ಈ ಸಲ ಉರ್ದುದಾಗ, ನನಗ ಮಾತ್ರ ಕೇಳುವಂಗ ಅಂದ.

"ಆ ವರ್ಷ ನಾಹೀದಾಳನ್ನ ಪ್ಲಾಸ್ಟಿಕ್‌ನಾಗ ಸುತ್ತಿ ಕೊಟ್ರು. ಮಾರಿ ತೋರಿಸಲಿಲ್ಲ. ಮೈ ತೊಳಿಯಾಕ ಬಿಡಲಿಲ್ಲ. ನಾವು ಮೂರು ಮಂದಿ ಹೋಗಿ ಮಣ್ಣು ಕೊಟ್ಟು ಬಂದ್ವಿ. ಮನಿಗೆ ಬಂದ್ರ ಒಲಿ ಹಚ್ಚೋರಿಲ್ಲ. ಓಣಿಯವರು ಗೇಟಿನ ಹೊರಗ ಊಟದ ಡಬ್ಬಿ ಇಟ್ಟು ಓಡಿದ್ರು. ಗುಲ್ಶನ ಆ ಮೂಲ್ಯಾಗ, ನಾ ಈ ಮೂಲ್ಯಾಗ, ತಾಟು ಬ್ಯಾರೆ ಬ್ಯಾರೆ. ಹದಿನಾಲ್ಕು ದಿನ ನಾ ನನ್ನ ಮಗಳ ತಲಿ ಮ್ಯಾಲ ಕೈ ಇಡಲಿಲ್ಲ. ಅಳೋದು ಕೇಳತಿತ್ತು, ಎದ್ದು ಹೋಗಲಿಲ್ಲ."

ಗುಲ್ಶನ ತಲಿ ಕೆಳಗ ಹಾಕಿದ್ದಳು. ಅಕಿಗೂ ಕೇಳಿತ್ತು.

ನಮ್ಮ ಅಂಗಳದ ಕೋಳಿ, ನಾನಿ ಉದ್ದಕ್ಕ ಕಾಲು ಚಾಚಿದ್ದು, ನಮ್ಮವ್ವನ ಚಪ್ಪಲಿ ಕತಿ, ಎಲ್ಲಾ ಕಣ್ಣ ಮುಂದನ ಇತ್ತು. ಅದ್ಯಾವುದೂ ಸುಳ್ಳಲ್ಲ. ಇವನ ಮಾತೂ ಸುಳ್ಳಲ್ಲ.

ಅಷ್ಟರಾಗ ನಾನಿ ಪರಾತಕ್ಕ ಕೈ ಹಾಕಿದಳು. ಒಂದು ತುತ್ತು ಉಂಡಿ ಕಟ್ಟಿದಳು. ನಾನು "ನಾನಿ" ಅಂದೆ. ಅಕಿ ಕೇಳಿಸಿಕೊಳ್ಳಲಿಲ್ಲ, ಇಲ್ಲಾ ಕೇಳಿಸಿಕೊಂಡೂ ನೋಡಲಿಲ್ಲ. ಗುಲ್ಶನ ತುಟಿ ಬಿಗಿಹಿಡಿದು ತಲಿ ಅಲ್ಲಾಡಿಸಿದಳು. "ಬ್ಯಾಡ ದಾದಿ, ನನಗ ಜ್ವರ ಐತಿ, ಖರೇನ ಐತಿ" ಅಂದಳು.

"ಗೊತ್ತೈತಿ, ಬಾಯಿ ತೆಗಿ" ಅಂದಳು ನಾನಿ.

ಗುಲ್ಶನ ಒಂದು ಸಣ್ಣ ತುಣುಕು ಹಲ್ಲಿನ ತುದಿಯಿಂದ ಕಚ್ಚಿದಳು, ಇರುವಿ ಕಚ್ಚಿದಷ್ಟು. ನಾನಿ ತನ್ನ ಮಾಸ್ಕ್ ಕಿವಿಯಿಂದ ಬಿಡಿಸಿ ಮಡಚಿ ಮಡಿಲಾಗ ಇಟ್ಟಳು. ಉಳಿದ ತುತ್ತು ಬಾಯಿಗೆ ಹಾಕಿ, ಅವಸರ ಮಾಡಲಾರದ ಅಗಿದು ನುಂಗಿದಳು. ಆಮ್ಯಾಲ ನನ್ನ ಕಡೆ ತಿರುಗಿದಳು.

"ನಾಹೀದಾ ಇದ್ದಿದ್ರ ತಿಂತಿದ್ಲಲ್ಲೋ" ಅಂದಳು. ನನ್ನ ತಪ್ಪೂ ಅನ್ನಲಿಲ್ಲ, ಮಾಮುನ ತಪ್ಪೂ ಅನ್ನಲಿಲ್ಲ. "ಆ ತಾಟು ತಗೊಂಡು ಗಾಡ್ಯಾಗ ಇಡು. ಕಳೀಬ್ಯಾಡ. ಸಂಜಿಗೆ ಬೇಕು."

ಹೆಣ್ಣುಮಕ್ಕಳ ಕೈ ಒಂದೊಂದ ಪರಾತಕ್ಕ ಬಂದ್ವು. ನಾನು ಬಗ್ಗಿ ತಾಟು ಎತ್ತಿಕೊಂಡೆ. ಅಂಚು ಒಂದು ಕಡೆ ನೆಗ್ಗಿತ್ತು. ಚುಕ್ಕಿ ಹಂಗ ಇತ್ತು. ಚೆಲ್ಲಿದ ಮಲೀದಾ ಬಾಚಿ ಅದರಾಗ ಹಾಕಿಕೊಂಡೆ.

ಮಾಮು ಎದ್ದು ನನ್ನ ಹತ್ರ ಬಂದ. ಈಗ ಅವನ ದನಿಯಾಗ ಬೈಗುಳ ಇರಲಿಲ್ಲ. ನನ್ನ ಭುಜದ ಮ್ಯಾಲ ಕೈ ಇಟ್ಟ, ಕೊರೋನಾ ಮುಂಚೆ ಇಡತಿದ್ದಂಗ.

"ಒಂದು ಮಾತು ಹೇಳು, ರಫೀ. ಆ ವರ್ಷ ಮತ್ತ ಬರಲಿ ಅಂತೀಯೇನು?"

ಗುಲ್ಶನ ನನ್ನ ನೋಡಾಕ ಹತ್ತಿದ್ದಳು. ನಾನಿ ಪರಾತದಾಗ ಕೈ ಇಟ್ಟಲ್ಲೇ ನಿಂದರಿಸಿದ್ದಳು. ಹೂಂ ಅನ್ನೋದು ನಾಲಿಗಿ ತುದಿತನಕ ಬಂದಿತ್ತು.

ಮಾಮುವಿನ ಕೈ ನನ್ನ ಭುಜದಿಂದ ಮೆಲ್ಲಕ ತೆಗೆದು, ತಾಟು ಎದಿಗೆ ಹಿಡಕೊಂಡು, ಕುರ್ಚಿ ಸಾಲಿನ ನಡುವ ಹಾದು, ಟಂಟಂ ನಿಂತಿದ್ದ ಕಡೆ ನಡೆದೆ.